ಲಿಥುವೇನಿಯದ ರೈತನೂ ಕೊಯಮತ್ತೂರಿನ ನೇಕಾರನೂ

ಬಾಲ್ಟಿಕ್ ಸಮುದ್ರದ ಪೂರ್ವ ದಂಡೆಯಲ್ಲಿ ಲಿಥುವೇನಿಯ ಎಂಬ ಪುಟ್ಟ ದೇಶವೊಂದುಂಟು. ಅಲ್ಲಿಯ ಭಾಷೆಯನ್ನಾಡುವವರು ಎಲ್ಲ ಸೇರಿ ಸುಮಾರು 30 ಲಕ್ಷ ಮಂದಿ. ಆ ಭಾಷೆಯಲ್ಲಿ ಮಗನಿಗೆ 'ಸೂನುಸ್' ಎನ್ನುತ್ತಾರೆ. ಬೆಂಕಿಗೆ 'ಉಗ್ನಿಸ್', ಹೊಗೆಗೆ 'ದೂಮಸ್', ಕುರಿಗೆ 'ಅವಿಸ್', ಜೇನಿಗೆ 'ಮೆದುಸ್', ಕನಸಿಗೆ 'ಸಪ್ನಸ್', ಇರುಳಿಗೆ 'ನಕ್ತಿಸ್'. ಶಾಲೆಯಲ್ಲಿ ಒಂದಿಷ್ಟು ಸಂಸ್ಕೃತ ಕಲಿತ ನಮ್ಮ ವಾಚಕರಿಗೆ ಸೂನು, ಅಗ್ನಿ, ಧೂಮ, ಅವಿ, ಮಧು, ಸ್ವಪ್ನ, ನಕ್ತ ಎಂಬ ಶಬ್ದಗಳು ತಾವಾಗಿಯೇ ನೆನಪಿಗೆ ಬಂದಾವು. ಲಿಥುವೇನಿಯದವರು ನಮ್ಮಿಂದ ಇವನ್ನು ಎರವಲು ಪಡೆದವರಲ್ಲ, ನಾವು ಅವರಿಂದ ಪಡೆದವರೂ ಅಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೊದಲಾದ ಭಾಷೆಗಳಿಗೆಲ್ಲ ಒಂದೇ ತಾಯಿಬೇರು ಇದ್ದಿರಬೇಕೆಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದರಷ್ಟೆ. ಆ ಬೇರಿನ ಇನ್ನೊಂದು ಕವಲು ಈ ಬಾಲ್ಟಿಕ್ ಭಾಷೆಗಳು. ಇಂದು ಜೀವಂತವಾಗಿ ಉಳಿದಿರುವುದು ಲಿಥುವೇನಿಯನ್, ಲಾಟ್ವಿಯನ್ ಎರಡೇ.

ಇದನ್ನು ಕಾಸರಗೋಡಿನ ಕನ್ನಡಿಗರೆದುರು ಈಗೇಕೆ ತೆಗೆಯಬೇಕು ಎಂದು ಯಾರಾದರೂ ಕೇಳಿದರೆ ತಪ್ಪಲ್ಲ. ನಮಗಿಂತಲೂ ದಕ್ಷಿಣಕ್ಕೆ, ಪಾಲಕ್ಕಾಡು ಕಣಿವೆಯ ಆಚೆ, ಕೊಯಮತ್ತೂರು ತಿರುಪೂರು ಜಿಲ್ಲೆಗಳಲ್ಲಿ ಬಹಳ ಕಾಲದಿಂದ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದ ಸಾವಿರಾರು ಕುಟುಂಬಗಳಿವೆ. ಆ ಮನೆಗಳ ಮಾತಿನ ಬೆಲೆ ಏನೆಂಬುದನ್ನು ಅರಿಯಲು ಲಿಥುವೇನಿಯದ ಕತೆಯಷ್ಟು ಒಳ್ಳೆಯ ದಾರಿ ನಮಗೆ ಬೇರೆ ಕಾಣುವುದಿಲ್ಲ. ಆದುದರಿಂದ ಮೊದಲು ಆ ಕತೆಯನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಹತ್ತೊಂಬತ್ತನೇ ಶತಮಾನದ ನಡುವಿನ ಮಾತು. ಪ್ರಾಗ್ ನಗರದಲ್ಲಿ ಪ್ರಾಧ್ಯಾಪಕರಾಗಿದ್ದ ಔಗುಸ್ಟ್ ಶ್ಲೈಖರ್ ಎಂಬ ಜರ್ಮನ್ ವಿದ್ವಾಂಸರು 1852ರಲ್ಲಿ, ಆಗ ಪ್ರಶ್ಯದ ಆಳ್ವಿಕೆಯಲ್ಲಿದ್ದ ಲಿಥುವೇನಿಯನ್ ಸೀಮೆಗೆ ಹೋದರು. ಗ್ರಂಥಾಲಯ ಅರಸಿ ಹೋದದ್ದಲ್ಲ. ರೈತರ ಮನೆಗಳಲ್ಲಿ ಕುಳಿತು ಅವರ ಬಾಯಿಂದಲೇ ಭಾಷೆಯನ್ನು ಕಲಿತು, ಕತೆ ಗಾದೆ ಒಗಟುಗಳನ್ನು ಬರೆದುಕೊಂಡು ಬಂದರು. 1856-57ರಲ್ಲಿ ಅವರು ಹೊರತಂದ ಲಿಥುವೇನಿಯನ್ ಕೈಪಿಡಿ ಆ ಭಾಷೆಯ ಮೊದಲ ಶಾಸ್ತ್ರೀಯ ವ್ಯಾಕರಣವೆಂದು ಹೆಸರಾಯಿತು. ಆಧುನಿಕ ಭಾಷಾವಿಜ್ಞಾನಕ್ಕೆ ತಳಹದಿ ಹಾಕಿದ ಸ್ವಿಟ್ಜರ್ಲೆಂಡಿನ ಸೊಸ್ಯೂರ್ ಅವರೂ 22ರ ಹರೆಯದಲ್ಲಿ, 1880ರಲ್ಲಿ, ಅದೇ ನಾಡಿಗೆ ಪ್ರಯಾಣ ಮಾಡಿದರು. ಲಿಥುವೇನಿಯನ್ನರು ಶಬ್ದದ ಯಾವ ಅಕ್ಷರವನ್ನು ಒತ್ತಿ ಹೇಳುತ್ತಾರೆ, ಆ ಒತ್ತು ಯಾವಾಗ ಮುಂದಿನ ಅಕ್ಷರಕ್ಕೆ ಸರಿಯುತ್ತದೆ ಎಂಬುದನ್ನು ಕುರಿತು ಅವರು 1894 ಮತ್ತು 1896ರಲ್ಲಿ ಬರೆದ ಎರಡು ಚಿಕ್ಕ ಲೇಖನಗಳನ್ನು ಇಂದಿಗೂ ವಿದ್ವಾಂಸರು ಬಿಡದೆ ಚರ್ಚಿಸುತ್ತಾರೆ. ಮೂಲ ಜನರ ಮಾತು ಹೇಗಿತ್ತೆಂದು ಕೇಳಬೇಕಾದವರು ಲಿಥುವೇನಿಯದ ರೈತನ ಬಳಿ ಹೋಗಲಿ ಎಂಬರ್ಥದ ಮಾತೊಂದು ಫ್ರಾನ್ಸಿನ ಆಂತ್ವಾನ್ ಮೆಯೆ ಅವರ ಹೆಸರಿನಲ್ಲಿ ಚಾಲ್ತಿಯಲ್ಲಿದೆ.

ಇದರಲ್ಲಿ ನಾವು ಗಮನಿಸಬೇಕಾದ ಅಂಶ ಒಂದಿದೆ. ಲಿಥುವೇನಿಯನ್ ಭಾಷೆಯಲ್ಲಿ ಮೊತ್ತಮೊದಲ ಪುಸ್ತಕ ಅಚ್ಚಾದದ್ದು 1547ರಲ್ಲಿ, ಅದೂ ಒಂದು ಕ್ರೈಸ್ತ ಧರ್ಮಬೋಧೆಯ ಪುಸ್ತಕ. ನಮ್ಮಲ್ಲಿಯಾದರೋ ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ಕ್ಕೆ ಸೇರಿದ್ದು. ಬರವಣಿಗೆಯ ಲೆಕ್ಕದಲ್ಲಿ ನಾವು ಅವರಿಗಿಂತ ಸಾವಿರ ವರ್ಷಕ್ಕೂ ಮಿಕ್ಕಿ ಹಿರಿಯರು. ಗ್ರೀಕರೂ ರೋಮನರೂ ಎಷ್ಟೋ ಮುಂಚೆ ಬರೆದಿಟ್ಟವರು. ಹಾಗಿದ್ದೂ ವಿದ್ವಾಂಸರು ಈ ಹಳ್ಳಿಗರ ಬಾಗಿಲಿಗೆ ಹೋಗಿ ನಿಂತರು. ಬರೆದಿಟ್ಟದ್ದು ಹಳೆಯದಾದರೆ ಸಾಲದು, ಆಡುವ ನಾಲಿಗೆಯಲ್ಲಿ ಹಳೆಯದು ಉಳಿದಿರಬೇಕು. ಹಾಗೆ ಉಳಿಯುವುದು ಅರಮನೆಯಲ್ಲಿ ಅಪರೂಪ, ಒಲೆಯ ಬಳಿ ಹೆಚ್ಚು. ಲಿಥುವೇನಿಯದ ಶ್ರೀಮಂತ ಮನೆತನಗಳು ಪೋಲಿಷ್ ಭಾಷೆಗೆ ಹೊರಳಿ ಬಹಳ ಕಾಲವಾಗಿತ್ತು. ತಾಯ್ನುಡಿಯನ್ನು ಹಿಡಿದು ಕುಳಿತವರು ಉಳುವವರು ಮತ್ತು ನೂಲುವವರು.

ಇದನ್ನು ಕೇಳಿ ಲಿಥುವೇನಿಯನ್ ಜಗತ್ತಿನಲ್ಲೇ ಹಳೆಯ ಭಾಷೆ ಎಂದು ಯಾರೂ ಸಾರಲು ಹೊರಡಬಾರದು. ಜೀವಂತ ಭಾಷೆಗಳೆಲ್ಲ ಒಂದೇ ವಯಸ್ಸಿನವು. ಒಂದೊಂದು ಭಾಷೆ ಒಂದೊಂದನ್ನು ಉಳಿಸುತ್ತದೆ, ಒಂದೊಂದನ್ನು ಕಳೆಯುತ್ತದೆ. ನಾಮಪದದ ವಿಭಕ್ತಿಗಳನ್ನು ಜತನದಿಂದ ಕಾದಿಟ್ಟ ಲಿಥುವೇನಿಯನ್, ನಪುಂಸಕ ಲಿಂಗದ ನಾಮಪದಗಳನ್ನು ಕೈಬಿಟ್ಟಿದೆ. ಕ್ರಿಯಾಪದದಲ್ಲಿ ಅವನು ಮತ್ತು ಅವರು ಎಂಬ ಭೇದವನ್ನೇ ತೋರಿಸುವುದಿಲ್ಲ. ನಮ್ಮ ಭಾಷೆ ಮೊದಲೋ ನಿಮ್ಮದು ಮೊದಲೋ ಎಂಬ ಜಗಳ ದಕ್ಷಿಣ ಭಾರತದಲ್ಲಿ ಸಾಕಷ್ಟು ನಡೆದಿದೆ. ಆ ಜಗಳಕ್ಕೆ ಬಾಲ್ಟಿಕ್ ಅಧ್ಯಯನದಿಂದ ಯಾವ ಸೌದೆಯೂ ಸಿಗಲಾರದು. ಅದು ಕಲಿಸುವುದು ಬೇರೆ ಬಗೆಯ ಲೆಕ್ಕವನ್ನು: ಯಾರ ಬಾಯಲ್ಲಿ ಏನು ಉಳಿದಿದೆ ಎಂಬುದನ್ನು ಒಂದೊಂದಾಗಿ ಕೇಳಿ ಬರೆದುಕೊಳ್ಳುವ ಲೆಕ್ಕ.

ಸೊಸ್ಯೂರರ ಮೊದಲ ಲಿಥುವೇನಿಯನ್ ಲೇಖನ ಹೊರಬಂದ 1894ರಲ್ಲೇ ನಮ್ಮ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದಿತು. ಅದೇ ವರ್ಷ ಲಾಟ್ವಿಯದಲ್ಲಿ ಕ್ರಿಶ್ಯಾನಿಸ್ ಬಾರೋನ್ಸ್ ಅವರ ಜಾನಪದ ಗೀತೆಗಳ ಸಂಪುಟಗಳು ಹೊರಬರತೊಡಗಿದವು. ಕಾಲ ಒಂದೇ ಆಗಿದ್ದರೂ ಮುಂದಿನ ದಾರಿ ಒಂದೇ ಆಗಲಿಲ್ಲ.

ದ್ರಾವಿಡ ಭಾಷೆಗಳಿಗೂ ಒಂದು ಲಿಥುವೇನಿಯ ಇಲ್ಲದಿಲ್ಲ. ಅದಿರುವುದು ಹಿಂದೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು 1868ರಲ್ಲಿ ಪ್ರತ್ಯೇಕವಾದ ನೀಲಗಿರಿಯಲ್ಲಿ. 1935ರಲ್ಲಿ ಭಾರತಕ್ಕೆ ಬಂದ ಮರ್ರೇ ಎಮಿನೋ ಎಂಬ ವಿದ್ವಾಂಸರು ಮೂರು ವರ್ಷ ಇಲ್ಲಿದ್ದು ತೋಡ, ಕೋತ, ಬಡಗ, ಕೊಡವ ಭಾಷೆಗಳನ್ನು ಆಡುವವರ ಬಾಯಿಂದಲೇ ದಾಖಲಿಸಿದರು. ಕೋತ ಭಾಷೆಯ ಕತೆಗಳು 1944-46ರಲ್ಲಿ ಅಚ್ಚಾದವು. ತೋಡ ಭಾಷೆಯ ವ್ಯಾಕರಣ 1984ರಲ್ಲಿ. ಬರೋ ಎಂಬವರೊಡನೆ ಕೂಡಿ ಅವರು 1961ರಲ್ಲಿ ಹೊರತಂದ ದ್ರಾವಿಡ ವ್ಯುತ್ಪತ್ತಿ ಕೋಶವನ್ನು ತೆರೆದು ನೋಡಿದವರಿಗೆ ಒಂದು ಸಂಗತಿ ಕಾಣಸಿಗುತ್ತದೆ. ಪ್ರತಿ ಶಬ್ದದ ಕೆಳಗೂ ತಮಿಳು, ಮಲಯಾಳಗಳ ಬಳಿಕ ಕೋತ ಮತ್ತು ತೋಡ ಬರುತ್ತವೆ. ಕನ್ನಡದ ಸರದಿ ಅನಂತರ. 2011ರ ಜನಗಣತಿಯ ಪ್ರಕಾರ ನಾಲ್ಕು ಕೋಟಿಗೂ ಮಿಕ್ಕಿ ಜನ ಆಡುವ ಕನ್ನಡಕ್ಕಿಂತ ಮೊದಲು, ಒಂದೆರಡು ಸಾವಿರ ಜನ ಆಡುವ, ಲಿಪಿಯೇ ಇಲ್ಲದ ಭಾಷೆಗಳು! ಆ ಪುಸ್ತಕದ ಪುಟಗಳಲ್ಲಿ ಜನಸಂಖ್ಯೆಗೆ ಮರ್ಯಾದೆ ಇಲ್ಲ.

ಇನ್ನು ಬೆಟ್ಟದಿಂದ ಬಯಲಿಗೆ ಇಳಿಯೋಣ. ಕೊಯಮತ್ತೂರಿನ ರಾಜಬೀದಿಯಲ್ಲಿ, ಸಿರುಮುಗೈಯಲ್ಲಿ, ಪೊಳ್ಳಾಚಿಯ ಕಡೆಯ ನೆಗಮದಲ್ಲಿ, ತಿರುಪೂರು ಜಿಲ್ಲೆಗೆ ಸೇರಿದ ಉಡುಮಲೈಪೇಟೆಯ ಸುತ್ತಿನಲ್ಲಿ ಕನ್ನಡ ಮನೆಮಾತಿನ ದೇವಾಂಗ ನೇಕಾರರಿದ್ದಾರೆ. ಚೌಡೇಶ್ವರಿ ಅವರ ಕುಲದೇವತೆ. ವಿಜಯದಶಮಿಯಂದು ಕೊಯಮತ್ತೂರಿನಲ್ಲಿ ಆ ತಾಯಿಯ ಮೆರವಣಿಗೆಯ ಮುಂದೆ ಅವರು ಸಲ್ಲಿಸುವ ಅಲಗು ಸೇವೆಯನ್ನು ನೋಡಲು ಊರೇ ನೆರೆಯುತ್ತದೆ. 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ನೆಗಮಂ ಹತ್ತಿ ಸೀರೆ ಅಲ್ಲಿಯ ಮಗ್ಗಗಳದ್ದೇ. ಮೇಟುಪಾಳ್ಯಂ ಕಡೆಯ ಹಳ್ಳಿಗಳಲ್ಲಿ ಬೇಸಾಯ ಮಾಡಿಕೊಂಡಿರುವ ಒಕ್ಕಲಿಗರ ಮನೆಮಾತೂ ಕನ್ನಡವೇ. ವಿಜಯನಗರದ ಕಾಲದಲ್ಲಿಯೂ ಮೈಸೂರಿನ ಆಳ್ವಿಕೆಯಲ್ಲಿಯೂ ಹಿರಿಯರು ಇಳಿದು ಬಂದರೆಂಬ ಐತಿಹ್ಯ ಈ ಜನರಲ್ಲಿದೆ. 1799ರಲ್ಲಿ ಟಿಪ್ಪು ಸುಲ್ತಾನ ಮಡಿಯುವವರೆಗೂ ಕೊಯಮತ್ತೂರು ಮೈಸೂರಿಗೆ ಸೇರಿತ್ತೆಂಬುದು ಇತಿಹಾಸ. ಆ ಪತನದ ಮರುವರ್ಷ ಪ್ರವಾಸಕ್ಕೆ ಹೊರಟ ಡಾ| ಬುಕನನ್ ಕೊಯಮತ್ತೂರನ್ನು ಹಾದು, ಮಲಬಾರಿನ ಮೂಲಕ 1801ರ ಆರಂಭದಲ್ಲಿ ನಮ್ಮ ಬೇಕಲ, ಕುಂಬಳೆ, ಮಂಜೇಶ್ವರದ ದಾರಿಯಲ್ಲೇ ಮಂಗಳೂರಿಗೆ ಹೋದವರು.

ಆ ಮನೆಗಳಲ್ಲಿ ಕನ್ನಡವನ್ನು ಆಡುತ್ತಾರೆ. ಓದಬಲ್ಲವರು, ಬರೆಯಬಲ್ಲವರು ಬಹಳ ವಿರಳ. ಮಕ್ಕಳು ಕಲಿಯುವುದು ತಮಿಳು, ಇಲ್ಲವೇ ಇಂಗ್ಲಿಷು. ಲಗ್ನಪತ್ರಿಕೆ ತಮಿಳಿನಲ್ಲಿ, ಅಂಗಡಿಯ ಲೆಕ್ಕ ತಮಿಳಿನಲ್ಲಿ. ಕನ್ನಡದ ಒಂದು ದಿನಪತ್ರಿಕೆಯನ್ನು ಅವರ ಕೈಯಲ್ಲಿಟ್ಟರೆ ಅಕ್ಷರ ಚಿತ್ರದಂತೆ ಕಾಣುತ್ತದೆ, ಓದಿ ಹೇಳಿದರೆ ಅರ್ಧ ಅರ್ಥವಾಗುತ್ತದೆ. ಇದನ್ನು ಕಂಡು ಬೆಂಗಳೂರಿನಿಂದ ಹೋದ ನಮ್ಮ ಪಂಡಿತರು ಅದು ಕೆಟ್ಟುಹೋದ ಕನ್ನಡ, ತಮಿಳು ಬೆರೆತ ಕನ್ನಡ ಎಂದು ತಲೆಯಾಡಿಸಿ ಬಿಡುವುದುಂಟು.

ಈ 'ಕೆಟ್ಟುಹೋದ' ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಒಂದು ಶಬ್ದವನ್ನು ತೆಗೆದುಕೊಂಡು ನೋಡೋಣ. ತಲೆಯ ಎರಡು ಬದಿಗೂ ಇರುವ ಅಂಗಕ್ಕೆ ನಾವು ಕಿವಿ ಎನ್ನುತ್ತೇವೆ. ನಮ್ಮ ನೆರೆಯ ಮಲಯಾಳಿಗಳು ಚೆವಿ ಎನ್ನುತ್ತಾರೆ, ಕೊಯಮತ್ತೂರಿನ ತಮಿಳರು ಸೆವಿ ಎನ್ನುತ್ತಾರೆ, ತುಳುವರು ಕೆಬಿ ಎನ್ನುತ್ತಾರೆ. ಇದರಂತೆಯೇ ಕನ್ನಡದ ಕೇರಿ ಅವರಿಗೆ ಚೇರಿ, ನಮ್ಮ ಕೆಂಪಿನ 'ಕೆಂ' ಅವರಿಗೆ 'ಚೆಂ', ನಮ್ಮ ಕಿರಿಯದು ಅವರಿಗೆ ಚಿರಿಯದು. ಮೂಲದಲ್ಲಿ ಇದ್ದದ್ದು ಕಕಾರವೇ. ಇ, ಎ ಸ್ವರಗಳ ಮುಂದೆ ತಮಿಳು ಮಲಯಾಳಗಳಲ್ಲಿ ಅದು ಚಕಾರವಾಯಿತು ಎಂದು ಭಾಷಾವಿಜ್ಞಾನಿಗಳು ಒಮ್ಮತದಿಂದ ಹೇಳುತ್ತಾರೆ. ತೋಡರೂ ಕೋತರೂ ಕಿವಿಗೆ ಕಕಾರವನ್ನೇ ಉಳಿಸಿಕೊಂಡಿದ್ದಾರೆ. ಎಂದ ಮೇಲೆ ತಮಿಳಿನ ಕಡಲ ನಡುವೆ ಕುಳಿತು ಓದು ಬರಹ ಇಲ್ಲದೆ ಕಿವಿ ಎನ್ನುವ ಅಜ್ಜಿ, ಆ ಒಂದು ಅಕ್ಷರದ ಮಟ್ಟಿಗೆ, ಸುತ್ತಲಿನ ಪುರಾತನ ಸಾಹಿತ್ಯದ ಭಾಷೆಗಿಂತ ಹಳೆಯದನ್ನು ಕಾದುಕೊಂಡಿದ್ದಾಳೆ.

ಅದೇ ಹೊತ್ತಿಗೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ನಮ್ಮ ಹಾಲು ತಮಿಳರಿಗೆ ಪಾಲ್, ನಮ್ಮ ಹುಲಿ ಅವರಿಗೆ ಪುಲಿ, ಹಾವು ಪಾಂಬು, ಹೂ ಪೂ. ಇಲ್ಲಿ ಹಳೆಯದು ಪಕಾರ. ನಾವು ಅದನ್ನು ಸುಮಾರು ಹತ್ತನೇ ಶತಮಾನದಿಂದೀಚೆಗೆ ಕಳೆದುಕೊಂಡವರು. ತಮಿಳು, ಮಲಯಾಳ, ತುಳು ಇಟ್ಟುಕೊಂಡವು. ಕಾಸರಗೋಡಿನ ಯಾವ ಮಗುವಿಗೂ ಪಿಲಿ ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ! ಕೊಟ್ಟ ಕೈ ಯಾವುದು ಕಳೆದ ಕೈ ಯಾವುದು ಎಂದು ನೋಡುತ್ತ ಹೋದರೆ ಜಗಳಕ್ಕೆ ಆಸ್ಪದವೇ ಇರುವುದಿಲ್ಲ.

ಇದಕ್ಕಿಂತಲೂ ಸ್ವಾರಸ್ಯದ ಇನ್ನೊಂದು ವಿಷಯ ನಾವು ಈ ಅಂಕಣದಲ್ಲಿ ದಿನವೂ ಬಳಸುವ 'ನಾವು' ಎಂಬ ಶಬ್ದ. ತಮಿಳಿನಲ್ಲಿ ಎದುರಿಗಿರುವವನನ್ನು ಸೇರಿಸಿಕೊಂಡರೆ 'ನಾಂ', ಬಿಟ್ಟರೆ 'ನಾಂಗಳ್'. ಮಲಯಾಳದಲ್ಲಿ 'ನಮ್ಮಳ್', 'ಞಙಳ್'. ತುಳುವಿನಲ್ಲಿ 'ನಮ', 'ಎಂಕುಲು'. ಶಿಷ್ಟ ಕನ್ನಡಕ್ಕೆ ಈ ಭೇದವಿಲ್ಲ. ನಾವು ಎಂದು ಬರೆದಾಗ ಓದುಗರೂ ಅದರಲ್ಲಿ ಸೇರಿದರೋ ಇಲ್ಲವೋ ಎಂಬುದನ್ನು ಸಂದರ್ಭ ನೋಡಿ ಊಹಿಸಬೇಕು. ಆದರೆ ನಮ್ಮ ಜಿಲ್ಲೆಯ ಹವ್ಯಕ ಮನೆಗಳಲ್ಲಿ ಈ ಭೇದ ಜೀವಂತವಾಗಿದೆ: ಕೇಳುವವರನ್ನು ಸೇರಿಸಿಕೊಂಡರೆ 'ನಾವು', ಹೊರಗಿಟ್ಟರೆ 'ಎಂಗೊ'. ನಾನು ಎನ್ನುವಲ್ಲಿ ಅವರು 'ಆನು' ಎನ್ನುವುದೂ ಹಳಗನ್ನಡದ 'ಆನ್' ರೂಪವೇ. ಶಿಷ್ಟರು ಗ್ರಾಮ್ಯವೆಂದು ನಕ್ಕ ಹವಿಗನ್ನಡದ ವ್ಯಾಕರಣವನ್ನು ಡಾ| ಡಿ.ಎನ್. ಶಂಕರ ಭಟ್ಟರು 1971ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಪ್ರಕಟಿಸಿದ ಮೇಲೆ ಆ ನಗೆ ಸ್ವಲ್ಪ ಅಡಗಿತೆನ್ನಬೇಕು. ಅದೇ ಸಂಸ್ಥೆ ಹಾಲಕ್ಕಿ, ನಂಜನಗೂಡು, ಗುಲ್ಬರ್ಗಗಳ ಆಡುಗನ್ನಡಗಳ ಮೇಲೂ ಪುಸ್ತಕಗಳನ್ನು ತಂದಿತು.

ಹಾಗಾದರೆ ಸಿರುಮುಗೈಯ ನೇಕಾರರ ಮುದುಕಿ, ಮೇಟುಪಾಳ್ಯಂ ಕಡೆಯ ಒಕ್ಕಲಿಗರ ಅಜ್ಜ 'ನಾವು' ಎನ್ನುವುದಕ್ಕೆ ಒಂದು ಶಬ್ದ ಬಳಸುತ್ತಾರೋ ಎರಡೋ? ಎರಡಾದರೆ ಎರಡನೆಯದರ ರೂಪ ಯಾವುದು? ಅದು ಎಂಗೊ ಎಂಬುದರ ಜಾತಿಯದಾದರೆ ಹಳೆಯ ಉಳಿಕೆ. ತಮಿಳಿನ ನಾಂಗಳನ್ನು ಹೋಲಿದರೆ ನೆರೆಯವರಿಂದ ಬಂದ ಎರವಲು. ಎರಡರಲ್ಲಿ ಯಾವುದಾದರೂ ಕನ್ನಡದ ಇತಿಹಾಸಕ್ಕೆ ಒಂದು ಪುಟ ಸೇರಿತು. ಸೊಸ್ಯೂರ್ ಲಿಥುವೇನಿಯಕ್ಕೆ ಹೋಗಿದ್ದೂ ಇಷ್ಟೇ ಸಣ್ಣದಾಗಿ ಕಾಣುವ ಪ್ರಶ್ನೆಗಳನ್ನು ಹೊತ್ತುಕೊಂಡು.

ನೇಕಾರರ ಮನೆಯಲ್ಲಿ ಇನ್ನೂ ಒಂದು ಭಂಡಾರವಿದೆ, ಅದು ಕಸುಬಿನ ಮಾತು. ಹಾಸು, ಹೊಕ್ಕು, ಲಾಳಿ, ಕುಣಿಮಗ್ಗ, ಗಂಜಿ ಹಾಕುವುದು, ನೂಲು ಸುತ್ತುವುದು, ಎಳೆ ಕಡಿದರೆ ಗಂಟು ಹಾಕುವುದು, ಇವಕ್ಕೆಲ್ಲ ಒಂದೊಂದು ಹೆಸರಿರುತ್ತದೆ. ಮಗ್ಗಕ್ಕೆ ತಮಿಳಿನಲ್ಲೂ ಮಲಯಾಳದಲ್ಲೂ ತರಿ ಎನ್ನುತ್ತಾರೆ. ಕಾಸರಗೋಡು ಸೀರೆ ನೇಯುವ ನಮ್ಮ ಊರಿನ ಶಾಲಿಯರನ್ನು ಕೇಳಿದರೂ ತಿಳಿದೀತು. ಕನ್ನಡ ತೆಲುಗುಗಳಲ್ಲಿ ಅದು ಮಗ್ಗ. ಊರು ಬಿಟ್ಟು ಬಂದ ನೇಕಾರರು ಯಾವ ಹೆಸರುಗಳನ್ನು ಗಂಟು ಕಟ್ಟಿಕೊಂಡು ಬಂದರು, ಯಾವುದನ್ನು ಇಲ್ಲಿಯ ಸಂತೆಯಲ್ಲಿ ಬದಲಾಯಿಸಿಕೊಂಡರು ಎಂಬುದನ್ನು ಶಾಸನವೂ ಹೇಳದು, ಕಾವ್ಯವೂ ಹೇಳದು.

ಇಷ್ಟು ಕಾಲ ಶಾಲೆಯೂ ಪುಸ್ತಕವೂ ಇಲ್ಲದೆ ಅಲ್ಲಿ ಕನ್ನಡ ಹೇಗೆ ಉಳಿಯಿತು? ನಮ್ಮ ತಿಳುವಳಿಕೆಯಲ್ಲಿ ಅದಕ್ಕೆ ಮುಖ್ಯ ಕಾರಣ ಆ ಮಗ್ಗವೇ. ಕೈಮಗ್ಗದ ಮನೆ ಎಂದರೆ ಮನೆಯೇ ಕಾರ್ಖಾನೆ. ಗಂಡ ಕುಣಿಯಲ್ಲಿ ಕುಳಿತರೆ ಹೆಂಡತಿ ನೂಲು ಸುತ್ತಬೇಕು, ಅಜ್ಜಿ ಎಳೆ ಬಿಡಿಸಬೇಕು, ಮಗು ಕಂಡಿಕೆ ತಂದುಕೊಡಬೇಕು. ಬೆಳಗಿನಿಂದ ಸಂಜೆಯವರೆಗೆ ಮೂರು ತಲೆಮಾರು ಒಂದೇ ಕೋಣೆಯಲ್ಲಿ ಮಾತಾಡುತ್ತಲೇ ಇರುತ್ತದೆ. ಹೆಣ್ಣು ತರುವುದು, ಕೊಡುವುದು ಕುಲದೊಳಗೇ ಆದ್ದರಿಂದ ಸೊಸೆಯೂ ಅದೇ ಮಾತಿನವಳು. ದೇವರ ಹಬ್ಬದಲ್ಲಿ ಅದೇ ಮಾತು. ಇಂಥಲ್ಲಿ ಭಾಷೆಯನ್ನು ಯಾರೂ ಪ್ರತ್ಯೇಕವಾಗಿ ರಕ್ಷಿಸಬೇಕಾಗಿರಲಿಲ್ಲ.

ಈಗ ಆ ಕಟ್ಟು ಸಡಿಲಾಗುತ್ತಿದೆ. ಸೋಮನೂರು, ಪಲ್ಲಡಂಗಳಲ್ಲಿ ವಿದ್ಯುತ್ ಮಗ್ಗ ಬಂದು ದಶಕಗಳಾದವು. ಅದರ ಸದ್ದಿನಲ್ಲಿ ಪಕ್ಕದವನ ಮಾತೇ ಕೇಳಿಸದು. 2009ರಲ್ಲಿ ಪ್ರತ್ಯೇಕ ಜಿಲ್ಲೆಯಾದ ತಿರುಪೂರು ಬನಿಯನ್ ಪಟ್ಟಣವೆಂದು ಲೋಕಪ್ರಸಿದ್ಧ. ಅಲ್ಲಿಯ ಹೊಲಿಗೆಯ ಶಾಲೆಗಳಲ್ಲಿ ಮಾತು ತಮಿಳು, ಬಿಹಾರ ಒಡಿಶಾಗಳಿಂದ ಬಂದವರೊಡನೆ ಹಿಂದಿ. ನೇಕಾರನ ಮಗ ಪಾಳಿಯ ಕೆಲಸಕ್ಕೆ ಹೋಗುತ್ತಾನೆ, ಮಗಳು ಇಂಜಿನಿಯರಿಂಗ್ ಓದುತ್ತಾಳೆ. ಅವರು ಬೆಳೆಯಲಿ, ಮುಂದೆ ಬರಲಿ. ಕುಣಿಮಗ್ಗದಲ್ಲೇ ಕುಳಿತಿರಿ ಎಂದು ಹೇಳುವ ಅಧಿಕಾರ ನಮಗಿಲ್ಲ, ಹೇಳುವುದೂ ಇಲ್ಲ. ಆದರೆ ಮಗ್ಗ ಹೊರಗೆ ಹೋದಂತೆ ಅದರ ಜೊತೆ ಮಾತೂ ಹೊರಗೆ ಹೋಗುತ್ತಿದೆ ಎಂಬುದನ್ನು ಕಾಣದೆ ಇರಲಾಗದು.

ಸರಕಾರಗಳ ಕಣ್ಣಿಗೆ ಈ ಮಾತು ಯಾವ ಕಾಲದಲ್ಲೂ ಬಿದ್ದದ್ದಿಲ್ಲ. ಗ್ರಿಯರ್ಸನ್ನರ ಪ್ರಸಿದ್ಧ ಭಾರತೀಯ ಭಾಷಾ ಸಮೀಕ್ಷೆಯ ದ್ರಾವಿಡ ಸಂಪುಟ 1906ರಲ್ಲಿ ಪ್ರಕಟವಾದಾಗ ಮದರಾಸು ಪ್ರಾಂತ, ಮೈಸೂರು, ಹೈದರಾಬಾದುಗ ಸಮೀಕ್ಷೆಯ ಮೇರೆಯಿಂದಲೇ ಹೊರಗಿದ್ದವು. ಕೊಯಮತ್ತೂರೂ ತಪ್ಪಿತು, ದಕ್ಷಿಣ ಕನ್ನಡವೂ ತಪ್ಪಿತು. ಈಚೆಗೆ, 2013ರಲ್ಲಿ, ಅಳಿವಿನಂಚಿನ ಭಾಷೆಗಳನ್ನು ದಾಖಲಿಸುವ ಯೋಜನೆಯೊಂದನ್ನು ಕೇಂದ್ರ ಸರಕಾರವು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನಕ್ಕೆ ವಹಿಸಿತು. ಒಳ್ಳೆಯ ಕೆಲಸ. ಆದರೆ ಅದು ಹತ್ತು ಸಾವಿರಕ್ಕಿಂತ ಕಡಿಮೆ ಜನರ ಭಾಷೆಗಳಿಗೆ ಮಾತ್ರ. ಕೊಯಮತ್ತೂರಿನ ನೇಕಾರರ ಮಾತು ಜನಗಣತಿಯಲ್ಲಿ 'ಕನ್ನಡ'; ಕನ್ನಡವಾದರೋ ಕೋಟಿಗಟ್ಟಲೆ ಜನರದು. ಹೀಗೆ ದೊಡ್ಡ ಭಾಷೆಯ ಹೆಸರಿನಡಿಯಲ್ಲಿ ಒಂದು ಚಿಕ್ಕ ಮಾತು ಸದ್ದಿಲ್ಲದೆ ಮುಗಿದುಹೋಗಬಹುದು, ಯಾವ ಪಟ್ಟಿಯಲ್ಲೂ ಅದರ ಹೆಸರು ಕಾಣಿಸದು. ಬಡಗರು ಸಹ ಜನಗಣತಿಯಲ್ಲಿ ಕನ್ನಡದ ಕೆಳಗೇ ಬರುತ್ತಾರಾದರೂ ಅವರ ಸಂಖ್ಯೆ, 2011ರಲ್ಲಿ ಸುಮಾರು 1 ಲಕ್ಷ 33 ಸಾವಿರ, ಬೇರೆಯಾಗಿ ಅಚ್ಚಾಗುತ್ತದೆ. ಪೌಲ್ ಹಾಕಿಂಗ್ಸ್ ಮತ್ತು ಕ್ರಿಸ್ಟಿಯಾನ್ ಪಿಲೋ-ರೈಚೂರ್ ಅವರು 1992ರಲ್ಲಿ ತಂದ ಬಡಗ ನಿಘಂಟೂ ಇದೆ. ಬೆಟ್ಟದ ಮೇಲಿನವರಿಗೆ ಸಿಕ್ಕಿದ ಈ ಗಮನ ಬೆಟ್ಟದ ಬುಡದವರಿಗೆ ಸಿಕ್ಕಿಲ್ಲವೆಂಬುದು ನಮ್ಮ ದೂರು.

ಕರ್ನಾಟಕದ ಹೊಣೆಯನ್ನೂ ಹೇಳಲೇಬೇಕು. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಬಂತು. ಹಬ್ಬ ಮಾಡಿದೆವು, ಮಾಡಬೇಕಾದದ್ದೇ. ಅದರ ಹೆಸರಿನಲ್ಲಿ ಬರುವ ಹಣ ಶಾಸನಕ್ಕೆ, ಹಳೆಯ ಕಾವ್ಯಕ್ಕೆ ಹೋಗುತ್ತದೆ. ಶಾಸನ ಕಲ್ಲಿನ ಮೇಲಿದೆ, ಇನ್ನೂ ನೂರು ವರ್ಷ ಕಾದೀತು. ಎಂಬತ್ತು ದಾಟಿದ ನೇಕಾರರ ಅಜ್ಜಿ ಕಾಯಲಾರಳು. ಕಲ್ಲಿಗೆ ಕೊಡುವುದರ ಹತ್ತರಲ್ಲೊಂದು ಪಾಲನ್ನು ಹೊರನಾಡಿನ ಜೀವಂತ ಕನ್ನಡಕ್ಕೆ ಕೊಟ್ಟರೆ ಪಂಪನೇನೂ ಮುನಿಯಲಾರ.

ಅದು ತಮಿಳುನಾಡಿನ ಮಾತಾಯಿತು, ನಮ್ಮ ತಾಪತ್ರಯವೇ ನಮಗೆ ಸಾಕು ಎನ್ನುವವರು ಇದ್ದಾರೆ. ಅವರು 1956ರ ನವೆಂಬರ್ 1ನ್ನು ನೆನೆಯಬೇಕು. ಅಂದು ದಕ್ಷಿಣ ಕನ್ನಡದಿಂದ ಕಾಸರಗೋಡನ್ನು ಬಿಡಿಸಿ ಕೇರಳಕ್ಕೆ ಕೊಟ್ಟ ಅದೇ ಕಾನೂನು, ಕೊಯಮತ್ತೂರು ಜಿಲ್ಲೆಯಿಂದ ಕೊಳ್ಳೇಗಾಲವನ್ನು ಬಿಡಿಸಿ ಮೈಸೂರಿಗೆ ಕೊಟ್ಟಿತು. ಕೊಳ್ಳೇಗಾಲ ಮರಳಿತು, ಉಳಿದ ಕೊಯಮತ್ತೂರಿನ ಕನ್ನಡಿಗರು ಅಲ್ಲೇ ಉಳಿದರು, ನಾವು ಇಲ್ಲಿ ಉಳಿದೆವು. ನಮಗೂ ಅವರಿಗೂ ಇರುವ ವ್ಯತ್ಯಾಸವೆಂದರೆ ನಮ್ಮಲ್ಲಿ ಶಾಲೆಯಿದೆ, ಪತ್ರಿಕೆಯಿದೆ, ಯಕ್ಷಗಾನವಿದೆ. ತಮಿಳುನಾಡು 2006ರಲ್ಲಿ ತಮಿಳು ಕಲಿಕೆಯ ಕಾಯ್ದೆ ತಂದಿತು, ಕೇರಳ 2017ರಲ್ಲಿ ಮಲಯಾಳ ಕಲಿಕೆಯ ಕಾಯ್ದೆ ತಂದಿತು. ನಾವು ಬೀದಿಗಿಳಿದು ಕೇಳಬಲ್ಲೆವು, ಕೇಳಿದ್ದೇವೆ. ಕನ್ನಡ ಶಾಲೆಯನ್ನೇ ಕಾಣದ ಮನೆಯವರು ಏನನ್ನು ಕಳೆದುಕೊಂಡೆವೆಂದು ಕೇಳಿಯಾರು?

ಬಾಲ್ಟಿಕ್ ಕುಟುಂಬದಲ್ಲಿ ಮೂರನೆಯದೊಂದು ಭಾಷೆಯಿತ್ತು, ಹಳೆಯ ಪ್ರಶ್ಯನ್. ಹದಿನೆಂಟನೇ ಶತಮಾನದ ಆರಂಭದ ಹೊತ್ತಿಗೆ ಅದು ಸತ್ತಿತು. ಉಳಿದಿರುವುದು ಸುಮಾರು 800 ಶಬ್ದಗಳ ಒಂದು ಪಟ್ಟಿ, 1545ರಲ್ಲಿ ಎರಡು ಮತ್ತು 1561ರಲ್ಲಿ ಒಂದು ಧರ್ಮಬೋಧೆಯ ಅನುವಾದ, ಇನ್ನು ಕೆಲವು ಚೂರುಪಾರು. ಆ ಭಾಷೆ ತಾಯ್ನುಡಿಯಲ್ಲದ ಪಾದ್ರಿಗಳು ಬರೆದದ್ದರಲ್ಲಿ ಭಾಷೆಯ ನಿಯಮ ಯಾವುದು, ಬರೆದವರ ತಪ್ಪು ಯಾವುದು ಎಂದು ಬಿಡಿಸಲು ವಿದ್ವಾಂಸರು ಇಂದಿಗೂ ತಲೆ ಕೆಡಿಸಿಕೊಳ್ಳುತ್ತಾರೆ. ಒಬ್ಬಳೇ ಒಬ್ಬಳು ಅಜ್ಜಿಯನ್ನು ಒಂದು ವಾರ ಕೂರಿಸಿ ಕೇಳಿ ಬರೆದಿಟ್ಟಿದ್ದರೆ ಆ ಪುಸ್ತಕಗಳ ಅರ್ಧ ಬೇಕಾಗುತ್ತಿರಲಿಲ್ಲ.

ಲಿಥುವೇನಿಯನ್ ಉಳಿದದ್ದು ವಿದ್ವಾಂಸರ ಹೊಗಳಿಕೆಯಿಂದಲ್ಲ. 1864ರಿಂದ 1904ರ ತನಕ ರಷ್ಯದ ಚಕ್ರವರ್ತಿಗಳು ಲ್ಯಾಟಿನ್ ಲಿಪಿಯಲ್ಲಿ ಆ ಭಾಷೆಯನ್ನು ಅಚ್ಚುಮಾಡುವುದನ್ನೇ ನಿಷೇಧಿಸಿದ್ದರು. ಗಡಿಯಾಚೆ ಪ್ರಶ್ಯದಲ್ಲಿ ಅಚ್ಚಾದ ಪುಸ್ತಕಗಳನ್ನು ಬೆನ್ನಿಗೆ ಕಟ್ಟಿಕೊಂಡು ರಾತ್ರಿ ಕಾಡುದಾರಿಯಲ್ಲಿ ತರುವವರಿದ್ದರು. ಸಿಕ್ಕಿಬಿದ್ದವರಿಗೆ ಸೆರೆ, ಸೈಬೀರಿಯ. ಶಾಲೆಯಲ್ಲಿ ಕಲಿಯಲಾಗದ್ದನ್ನು ತಾಯಂದಿರು ಮನೆಯಲ್ಲಿ ಕಲಿಸಿದರು. ಪೆಟ್ರಾಸ್ ರಿಮ್ಶಾ ಎಂಬ ಶಿಲ್ಪಿಯ ಕೃತಿಯೊಂದರಲ್ಲಿ ತಾಯಿ ರಾಟೆಯ ಮುಂದೆ ಕುಳಿತು ನೂಲುತ್ತಿದ್ದಾಳೆ, ಮಗು ಅವಳ ಮಗ್ಗುಲಲ್ಲಿ ನಿಂತು ಪುಸ್ತಕ ಓದುತ್ತಿದೆ.

ಲಾಟ್ವಿಯದ ಬಾರೋನ್ಸರ ಕೆಲಸವೂ ಹಾಗೆಯೇ ಜನರ ಕೆಲಸ. ಊರೂರಿನ ಶಾಲಾ ಮಾಸ್ತರರು, ರೈತರು, ಹುಡುಗ ಹುಡುಗಿಯರು ಅಜ್ಜಿಯರ ಬಾಯಿಂದ ಕೇಳಿದ ಪದಗಳನ್ನು ಬರೆದು ಕಳುಹಿಸಿದರು. ಬಾರೋನ್ಸ್ ಅವನ್ನು ಬೆರಳಗಲದ ಚೀಟಿಗಳಿಗೆ ನಕಲು ಮಾಡಿ, ಸುಮಾರು 70 ಸೆಳೆಖಾನೆಗಳ ಒಂದು ಕಪಾಟು ಮಾಡಿಸಿ ವಿಂಗಡಿಸಿಟ್ಟರು. 1915ರಲ್ಲಿ ಕೊನೆಯ ಸಂಪುಟ ಮುಗಿದಾಗ ಅಚ್ಚಾದ ಪದಗಳ ಸಂಖ್ಯೆ 2 ಲಕ್ಷ 17 ಸಾವಿರ ದಾಟಿತ್ತು. ಆ ಕಪಾಟು 2001ರಲ್ಲಿ ಯುನೆಸ್ಕೋದ ವಿಶ್ವಸ್ಮೃತಿಯ ಪಟ್ಟಿಗೆ ಸೇರಿತು. ಲಿಥುವೇನಿಯನ್ನರು ಇದೇ ರೀತಿ ಹಳ್ಳಿಗಳಿಂದ ಶಬ್ದ ಕೂಡಿಸಿ, 1941ರಿಂದ 2002ರವರೆಗೆ ದುಡಿದು 20 ಸಂಪುಟಗಳ ನಿಘಂಟನ್ನು ಮುಗಿಸಿದರು.

ನಮಗೆ ಕಪಾಟು ಬೇಡ. ಎಲ್ಲರ ಕಿಸೆಯಲ್ಲಿರುವ ಫೋನಿನಲ್ಲಿ ದನಿ ಹಿಡಿದಿಡಬಹುದು; ಶ್ಲೈಖರರಿಗೆ ಆ ಸೌಲಭ್ಯವಿರಲಿಲ್ಲ. ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನ ವಿಭಾಗವಿದೆ. ನಮ್ಮ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಇದೆ. ಇವರಿಬ್ಬರನ್ನೂ ಹಂಪಿಯ ಕನ್ನಡ ವಿಶ್ವವಿದ್ಯಾಲಯವನ್ನೂ ಒಂದೇ ಚಾಪೆಯ ಮೇಲೆ ಕೂರಿಸುವ ಕೆಲಸವನ್ನು ಕರ್ನಾಟಕದ ಗಡಿ ಪ್ರದೇಶಾಭಿವೃದ್ಧಿ ಪ್ರಾಧಿಕಾರ ವಹಿಸಿಕೊಳ್ಳಲಿ. ಮಂಡಳಿಯ ಸಭೆ, ಹಾರ ತುರಾಯಿ, ಉದ್ಘಾಟನೆಗಳಿಗೆ ಹಣ ಹೋಗುವ ಮೊದಲು ಕಾಸರಗೋಡಿನ ನಾಲ್ಕು ಮಂದಿ ಕನ್ನಡ ಎಂ.ಎ. ವಿದ್ಯಾರ್ಥಿಗಳಿಗೆ ಆರು ತಿಂಗಳ ಖರ್ಚು ಕೊಟ್ಟು ಕಳುಹಿಸಲಿ. ಮಲಯಾಳ, ತುಳು, ಹವಿಗನ್ನಡಗಳನ್ನು ಕಿವಿಯಲ್ಲಿ ತುಂಬಿಕೊಂಡು ಬೆಳೆದ ನಮ್ಮ ಹುಡುಗರಿಗೆ ಆ ಮಾತಿನಲ್ಲಿ ತಮಿಳು ಎಲ್ಲಿ ಮುಗಿಯುತ್ತದೆ, ಹಳಗನ್ನಡ ಎಲ್ಲಿ ಕೇಳಿಸುತ್ತದೆ ಎಂದು ಹಿಡಿಯುವುದು ಬೆಂಗಳೂರಿನವರಿಗಿಂತ ಸುಲಭ.

ಸರಕಾರ ಕದಲುವವರೆಗೆ ಕಾಯಲೂ ಬೇಕಿಲ್ಲ. ಈ ಜಿಲ್ಲೆಯಿಂದ ಕೊಯಮತ್ತೂರಿಗೆ ಆಸ್ಪತ್ರೆಗೆಂದು, ಕಾಲೇಜಿಗೆಂದು, ಬಟ್ಟೆ ವ್ಯಾಪಾರಕ್ಕೆಂದು ಹೋಗುವವರು ದಿನವೂ ಇದ್ದಾರೆ. ಮಂಗಳೂರು-ಕೊಯಮತ್ತೂರು ಇಂಟರ್‌ಸಿಟಿ ರೈಲನ್ನು ಕಾಸರಗೋಡಿನಲ್ಲಿ ಹತ್ತಿದರೆ ಅದೇ ದಿನ ಅಲ್ಲಿರಬಹುದು. ಹೋದವರು ಒಂದು ಸಂಜೆ ಬಿಡುವು ಮಾಡಿಕೊಂಡು ಸಿರುಮುಗೈಗೋ ನೆಗಮಕ್ಕೋ ಹೋಗಲಿ. ಪುಸ್ತಕದ ಕನ್ನಡದಲ್ಲಿ ಪ್ರಶ್ನೆ ಹಾಕಿ ಅವರನ್ನು ನಾಚಿಸಬಾರದು, ತಿದ್ದಲಂತೂ ಕೂಡದು. ಮಗ್ಗದ ಒಂದೊಂದು ಭಾಗವನ್ನು ಮುಟ್ಟಿ ಹೆಸರು ಕೇಳಬಹುದು. ಅತ್ತೆ, ಮಾವ, ನಾದಿನಿ, ಷಡ್ಡಕನಿಗೆ ಏನೆನ್ನುತ್ತೀರಿ ಎಂದು ಕೇಳಬಹುದು. ಮಗುವನ್ನು ಮಲಗಿಸುವಾಗ ಹೇಳುವುದೇನು, ಮಳೆ ಬಾರದಿದ್ದರೆ ಹೇಳುವುದೇನು, ಚೌಡೇಶ್ವರಿಗೆ ಹರಕೆ ಹೊರುವಾಗ ಬಾಯಿಂದ ಬರುವ ಮಾತು ಯಾವುದು. ಹೇಳಿದವರ ಒಪ್ಪಿಗೆ ಪಡೆದು, ಊರು, ವಯಸ್ಸು, ದಿನಾಂಕ ಬರೆದು, ದನಿಯ ಒಂದು ಪ್ರತಿಯನ್ನು ಅವರ ಮೊಮ್ಮಕ್ಕಳ ಫೋನಿಗೇ ಮೊದಲು ಹಾಕಿಕೊಟ್ಟು ಬರಬೇಕು.